ಜೀಪಿನ ಹೆಚ್ಚುವರಿ ದೀಪಗಳು

ಆಷಾಢದ ಒಂದು ರಾತ್ರಿ ಕೊಟ್ಟಿಗೆಹಾರದ ಸಮೀಪದ ಕಾಫಿ ತೋಟವೊಂದರಿಂದ ಒಂದು ಜೀಪು ಮೂಡಿಗೆರೆಯ ಕಡೆಗೆ ಹೊರಟಿತು. ಒಳಗೆ ಹೆರಿಗೆಯ ನೋವಿನಿಂದ ಬಳಲುತ್ತಿದ್ದ ತೋಟದ ಕಾರ್ಮಿಕರೊಬ್ಬರ ಪತ್ನಿ. ಜೀಪನ್ನು ನಡೆಸುತ್ತಿದ್ದವರು ತೋಟದ ಯಜಮಾನರಾದ ನನ್ನ ಮಿತ್ರರು. ಆ ವಾರವಷ್ಟೇ ಅವರು ಜೀಪಿನ ನೆತ್ತಿಯ ಮೇಲೆ ಎರಡು ದೊಡ್ಡ ದೀಪಗಳನ್ನು ಕೂಡಿಸಿದ್ದರು. ಮಂಜು ಕವಿದ ತಿರುವುಗಳು ಬಂದೊಡನೆ ಅವನ್ನು ಹೊತ್ತಿಸಿದರು. ದಾರಿ ಸ್ಪಷ್ಟವಾಗುವ ಬದಲು ಸುಣ್ಣ ಬಳಿದ ಗೋಡೆಯೊಂದು ಎದುರಿಗೆ ಎದ್ದು ನಿಂತಂತಾಯಿತು. ಮೊದಲು ಕಾಣುತ್ತಿದ್ದಷ್ಟು ದಾರಿಯೂ ಮರೆಯಾಯಿತು. ಕೆಲವು ನಿಮಿಷಗಳಲ್ಲಿ ಸುಟ್ಟ ವಾಸನೆ ಬಂದಿತು. ಅದರ ಬೆನ್ನಿಗೇ ಹೊಸ ದೀಪ, ಹಳೆಯ ದೀಪ ಎಲ್ಲವೂ ಒಮ್ಮೆಗೇ ಆರಿಹೋದುವು. ಮಿತ್ರರ ಮಗನು ಟಾರ್ಚು ಹಿಡಿದು ಮುಂದೆ ನಡೆದು ದಾರಿ ತೋರಿಸಬೇಕಾಯಿತು. ಅವರು ಊರು ಸೇರುವ ಹೊತ್ತಿಗೆ ಬೆಳಗಾಗುತ್ತಿತ್ತು. ತಾಯಿಯೂ ಮಗುವೂ ಉಳಿದುದು ಪುಣ್ಯ.

ಆ ರಾತ್ರಿ ಕೈಕೊಟ್ಟದ್ದು ದೀಪವಲ್ಲ. ದೀಪವನ್ನು ಕುರಿತ ತಿಳಿವಳಿಕೆ. ನಡೆದ ತಪ್ಪುಗಳಲ್ಲಿ ಒಂದು ಬೆಳಕಿನ ಶಾಸ್ತ್ರಕ್ಕೆ ಸೇರಿದುದು, ಇನ್ನೊಂದು ವಿದ್ಯುತ್ತಿನ ಶಾಸ್ತ್ರಕ್ಕೆ ಸೇರಿದುದು. ಕಾಡುದಾರಿಯಲ್ಲಿ, ತೋಟದ ಕಚ್ಚಾ ರಸ್ತೆಯಲ್ಲಿ ವಾಹನ ನಡೆಸುವವರಿಗೆ ಹೆಚ್ಚುವರಿ ದೀಪಗಳು ಉಪಯುಕ್ತವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಬೆಳಕು ಹೆಚ್ಚಿದ ಮಾತ್ರಕ್ಕೆ ನೋಟವೂ ಹೆಚ್ಚುತ್ತದೆಂದು ಭಾವಿಸುವುದು ಸರಿಯಲ್ಲ. ಇಂತಹ ದೀಪಗಳನ್ನು ಆರಿಸುವುದು ಹೇಗೆ, ಅವಕ್ಕೆ ತಂತಿ ಎಳೆಯುವುದು ಹೇಗೆ ಎಂಬುದನ್ನು ಈ ಲೇಖನದಲ್ಲಿ ವಿಚಾರಮಾಡೋಣ.

ಎಷ್ಟು ದೂರ ಕಾಣಬೇಕು?

ಅಂಗಡಿಗೆ ಹೋಗುವ ಮುನ್ನ ಒಂದು ಸಣ್ಣ ಲೆಕ್ಕವನ್ನು ಮಾಡಿಕೊಳ್ಳುವುದು ಒಳ್ಳೆಯದು. ಗಂಟೆಗೆ ೬೦ ಕಿಲೋಮೀಟರು ವೇಗದಲ್ಲಿ ಹೋಗುವ ವಾಹನ ಒಂದು ಸೆಕೆಂಡಿಗೆ ಸುಮಾರು ೧೭ ಮೀಟರು ಮುಂದೆ ಸಾಗುತ್ತದೆ. ಅಡ್ಡಿಯೊಂದು ಕಣ್ಣಿಗೆ ಬಿದ್ದು, ಮನಸ್ಸು ಅದನ್ನು ಗ್ರಹಿಸಿ, ಕಾಲು ಬ್ರೇಕನ್ನು ತುಳಿಯುವಷ್ಟರಲ್ಲಿ ಒಂದೂವರೆ ಸೆಕೆಂಡು ಕಳೆಯುತ್ತದೆಂದು ಇಟ್ಟುಕೊಂಡರೆ, ಅಷ್ಟರಲ್ಲೇ ೨೫ ಮೀಟರು ಹೋಗಿರುತ್ತದೆ. ಒದ್ದೆಯಾದ ರಸ್ತೆಯಲ್ಲಿ ಬ್ರೇಕು ವಾಹನದ ವೇಗವನ್ನು ಪ್ರತಿ ಸೆಕೆಂಡಿಗೂ ಸೆಕೆಂಡಿಗೆ ೪ ಮೀಟರಿನಷ್ಟು ತಗ್ಗಿಸುತ್ತದೆಂದು ಭಾವಿಸಿದರೆ, ನಿಲ್ಲಲು ಇನ್ನೂ ೩೫ ಮೀಟರು ಬೇಕು. ಒಟ್ಟು ೬೦ ಮೀಟರು. ವೇಗ ೮೦ ಕಿಲೋಮೀಟರಾದರೆ ಇದೇ ಲೆಕ್ಕ ೯೫ ಮೀಟರಿಗೆ ಏರುತ್ತದೆ.

ಈಗ ತೋಟದ ಕೆಸರುದಾರಿಯನ್ನು ನೋಡೋಣ. ಅಲ್ಲಿ ವೇಗ ೨೦ ಕಿಲೋಮೀಟರನ್ನು ಮೀರುವುದು ಅಪರೂಪ. ಬ್ರೇಕಿನ ಹಿಡಿತ ಇನ್ನೂ ಕಡಮೆಯೆಂದು ಇಟ್ಟುಕೊಂಡರೂ ೧೪ ಮೀಟರಿನೊಳಗೆ ಜೀಪು ನಿಲ್ಲುತ್ತದೆ. ಅಂದಮೇಲೆ ಇಲ್ಲಿ ಅರ್ಧ ಕಿಲೋಮೀಟರು ದೂರಕ್ಕೆ ಹರಿಯುವ ಬೆಳಕಿನಿಂದ ಆಗುವ ಪ್ರಯೋಜನವೇನು? ಇಲ್ಲಿ ಬೇಕಾದುದು ಎಡಬಲದ ಚರಂಡಿ, ತಿರುವಿನ ಒಳಮೈ, ಮಳೆನೀರು ಕೊರೆದ ಹಳ್ಳ ಇವೆಲ್ಲವನ್ನೂ ತೋರಿಸುವ ಅಗಲವಾದ ಬೆಳಕು. ಬಯಲುಸೀಮೆಯ ನೇರವಾದ ರಸ್ತೆಗೆ ದೂರದ ಬೆಳಕು. ಮಲೆನಾಡಿನ ತಿರುವಿಗೆ ಅಗಲದ ಬೆಳಕು. ಮಂಜಿಗೆ ತಗ್ಗಿನ ಬೆಳಕು. ಈ ಮೂರನ್ನೂ ಒಂದೇ ದೀಪ ಮಾಡಲಾರದು.

ದರ್ಪಣದ ಕೆಲಸ

ಇದಕ್ಕೆ ಕಾರಣ ದೀಪದೊಳಗಿನ ನಿಮ್ನ ದರ್ಪಣ. ಈ ದರ್ಪಣದ ಮೈ ಪರವಲಯವೆಂಬ ವಕ್ರರೇಖೆಯ ಆಕಾರದಲ್ಲಿರುತ್ತದೆ. ಅದರ ನಾಭಿಯಲ್ಲಿಟ್ಟ ಬೆಳಕಿನ ಚುಕ್ಕೆಯಿಂದ ಹೊರಟ ಕಿರಣಗಳು ದರ್ಪಣಕ್ಕೆ ತಗುಲಿ ಪರಸ್ಪರ ಸಮಾಂತರವಾಗಿ ಮುಂದಕ್ಕೆ ಹೋಗುತ್ತವೆ. ಆದರೆ ದೀಪದ ತಂತು ಚುಕ್ಕೆಯಲ್ಲ; ಅದಕ್ಕೆ ಕೆಲವು ಮಿಲಿಮೀಟರು ಉದ್ದವುಂಟು. ಆದುದರಿಂದ ಕಿರಣಗಳು ಸ್ವಲ್ಪ ಹರಡಿಕೊಂಡೇ ಹೋಗುತ್ತವೆ. ತಂತು ಚಿಕ್ಕದಾಗಿ ದರ್ಪಣ ದೊಡ್ಡದಾದಷ್ಟೂ ಈ ಹರಹು ಕಡಮೆ. ದೂರ ಬೀಳುವ ದೀಪಗಳು ಅಗಲವಾದ ತಟ್ಟೆಯಂತಿರುವುದು ಇದಕ್ಕಾಗಿಯೇ. ಬೆಳಕನ್ನು ಅಡ್ಡಲಾಗಿ ಹರಡಬೇಕಾದರೆ ಮುಂದಿನ ಗಾಜಿನ ಮೇಲೆ ನೆಟ್ಟನೆಯ ಗೀರುಗಳನ್ನು ಮೂಡಿಸುತ್ತಾರೆ, ಇಲ್ಲವೆ ದರ್ಪಣಕ್ಕೇ ತಕ್ಕ ಆಕಾರವನ್ನು ಕೊಡುತ್ತಾರೆ.

ದೀಪದಿಂದ ಹೊರಡುವ ಒಟ್ಟು ಬೆಳಕನ್ನು ಲ್ಯೂಮೆನ್ನುಗಳಲ್ಲಿಯೂ, ಒಂದು ದಿಕ್ಕಿಗೆ ಹೋಗುವ ಬೆಳಕಿನ ತೀವ್ರತೆಯನ್ನು ಕ್ಯಾಂಡೆಲಾಗಳಲ್ಲಿಯೂ ಅಳೆಯುತ್ತಾರೆ. ಜಾಹೀರಾತುಗಳಲ್ಲಿ ದಪ್ಪಕ್ಷರದಲ್ಲಿರುವುದು ಸಾಮಾನ್ಯವಾಗಿ ಲ್ಯೂಮೆನ್. ಆದರೆ ಅದೇ ಲ್ಯೂಮೆನ್ನನ್ನು ಸಣ್ಣ ಕೋನದೊಳಗೆ ಕೂಡಿಸಿದರೆ ಬೆಳಕು ದೂರ ಹೋಗುತ್ತದೆ. ಅಗಲವಾಗಿ ಚೆಲ್ಲಿದರೆ ಹತ್ತಿರವೇ ಉಳಿಯುತ್ತದೆ. ಆದುದರಿಂದ ಕೊಳ್ಳುವವರು ಬೆಳಕಿನ ಮೊತ್ತವನ್ನು ಕೇಳಿದರೆ ಸಾಲದು, ಅದರ ಹರಹನ್ನೂ ಕೇಳಬೇಕು.

ಇನ್ನೊಂದು ನಿಯಮವನ್ನೂ ಇಲ್ಲಿ ನೆನೆಯಬೇಕು. ದೂರ ಇಮ್ಮಡಿಯಾದರೆ ಬೆಳಕು ಅರ್ಧವಾಗುವುದಿಲ್ಲ, ನಾಲ್ಕನೆಯ ಒಂದು ಪಾಲಾಗುತ್ತದೆ. ೧೦೦ ಮೀಟರಿನಾಚೆ ಒಂದು ಲಕ್ಸಿನಷ್ಟು ಬೆಳಕು ಬೀಳಬೇಕಾದರೆ ೧೦,೦೦೦ ಕ್ಯಾಂಡೆಲಾ ಸಾಕು. ಹುಣ್ಣಿಮೆಯ ಬೆಳದಿಂಗಳು ಸುಮಾರು ಕಾಲು ಲಕ್ಸು. ಇದು ಅದಕ್ಕಿಂತ ನಾಲ್ಕರಷ್ಟು. ಅದೇ ಬೆಳಕು ೨೦೦ ಮೀಟರಿಗೆ ಮುಟ್ಟಲು ೪೦,೦೦೦, ೪೦೦ ಮೀಟರಿಗೆ ಮುಟ್ಟಲು ೧,೬೦,೦೦೦ ಕ್ಯಾಂಡೆಲಾ ಬೇಕು. ಒಂದು ದೀಪವಿದ್ದಲ್ಲಿ ಅಂತಹುದೇ ಎರಡನ್ನು ಕೂಡಿಸಿದವರು ನೋಟವೂ ಇಮ್ಮಡಿಯಾಗುವುದೆಂದು ಎಣಿಸಿ ನಿರಾಶರಾಗುವುದು ಈ ನಿಯಮವನ್ನು ಮರೆತುದರಿಂದಲೇ.

ಮಂಜಿನ ಗೋಡೆ

ನನ್ನ ಮಿತ್ರರ ಎದುರಿಗೆ ಎದ್ದ ಬಿಳಿಯ ಗೋಡೆ ಯಾವುದು? ಮಂಜೆಂದರೆ ಗಾಳಿಯಲ್ಲಿ ತೇಲುವ ನೀರಿನ ಕಿರುಹನಿಗಳು. ಒಂದೊಂದು ಹನಿಯೂ ತನ್ನ ಮೇಲೆ ಬಿದ್ದ ಬೆಳಕನ್ನು ಎಲ್ಲ ದಿಕ್ಕಿಗೂ ಚದರಿಸುತ್ತದೆ. ಅದರಲ್ಲಿ ಒಂದು ಪಾಲು ಹಿಂದಕ್ಕೂ ಬರುತ್ತದೆ. ದೀಪ ನಮ್ಮ ಕಣ್ಣಿನ ಮಟ್ಟದಲ್ಲಿದ್ದರೆ, ಅಥವಾ ನೆತ್ತಿಯ ಮೇಲಿದ್ದರೆ, ನಾವು ನೋಡುವ ಹಾದಿಯುದ್ದಕ್ಕೂ ಇರುವ ಹನಿಗಳೆಲ್ಲ ಬೆಳಗುತ್ತವೆ. ಆ ಬೆಳಕಿನ ಪರದೆಯ ಹಿಂದೆ ರಸ್ತೆ ಅಡಗಿಹೋಗುತ್ತದೆ. ಬೇಸಗೆಯ ಧೂಳಿನಲ್ಲಿಯೂ ಹೀಗೆಯೇ. ನೆತ್ತಿಯ ದೀಪದ ಬೆಳಕು ಜೀಪಿನ ಬಾನೆಟ್ಟಿನ ಮೇಲೂ ಬಿದ್ದು ಕಣ್ಣು ಕೋರೈಸುವುದು ಇನ್ನೊಂದು ತೊಂದರೆ.

ಪರಿಹಾರವು ದೀಪವನ್ನು ತಗ್ಗಿಸುವುದರಲ್ಲಿದೆ. ಮಂಜಿನ ದೀಪವನ್ನು ಬಂಪರಿನ ಮಟ್ಟದಲ್ಲಿಯೋ ಅದಕ್ಕಿಂತ ಕೆಳಗೋ ಇಡಬೇಕು. ಅದರ ಬೆಳಕು ಬೀಸಣಿಗೆಯಂತೆ ಅಗಲವಾಗಿ, ಚಪ್ಪಟೆಯಾಗಿ, ಮೇಲಂಚು ಕತ್ತರಿಸಿದಂತೆ ಇರಬೇಕು. ಆಗ ಬೆಳಗಿದ ಹನಿಗಳು ನಮ್ಮ ದೃಷ್ಟಿಯ ಕೆಳಗೆ ಉಳಿಯುತ್ತವೆ. ಅವುಗಳ ಮೇಲಿನಿಂದ ನಾವು ರಸ್ತೆಯ ಅಂಚನ್ನು ನೋಡಬಹುದು.

ಹಳದಿಯ ಬೆಳಕು ಮಂಜನ್ನು ಭೇದಿಸುತ್ತದೆಂಬ ನಂಬಿಕೆ ಬಹಳ ಹಳೆಯದು. ಫ್ರಾನ್ಸ್ ದೇಶದಲ್ಲಿ ೧೯೯೩ರವರೆಗೂ ಕಾರುಗಳ ಮುಂದಿನ ದೀಪಗಳು ಹಳದಿಯಾಗಿರಬೇಕೆಂಬ ಕಟ್ಟಳೆಯೇ ಇದ್ದಿತು. ಗಾಳಿಯ ಅಣುಗಳು ನೀಲಿಯ ಬೆಳಕನ್ನು ಕೆಂಪಿಗಿಂತ ಹೆಚ್ಚಾಗಿ ಚದರಿಸುತ್ತವೆ, ಆದುದರಿಂದಲೇ ಆಕಾಶ ನೀಲಿ ಎಂಬುದು ನಿಜ. ಆದರೆ ಆ ನಿಯಮ ಬೆಳಕಿನ ತರಂಗದೂರಕ್ಕಿಂತ ಬಹಳ ಚಿಕ್ಕದಾದ ಕಣಗಳಿಗೆ ಮಾತ್ರ ಸಲ್ಲುತ್ತದೆ. ಕಣ್ಣಿಗೆ ಕಾಣುವ ಬೆಳಕಿನ ತರಂಗದೂರ ಒಂದು ಮಿಲಿಮೀಟರಿನ ಸಾವಿರದ ಒಂದು ಪಾಲಿಗಿಂತಲೂ ಕಡಮೆ. ಮಂಜಿನ ಹನಿಗಳು ಸಾಮಾನ್ಯವಾಗಿ ಅದರ ಹಲವು ಪಟ್ಟು ದೊಡ್ಡವು. ಅವು ಎಲ್ಲ ಬಣ್ಣಗಳನ್ನೂ ಹೆಚ್ಚುಕಡಮೆ ಒಂದೇ ಸಮನಾಗಿ ಚದರಿಸುತ್ತವೆ. ಮಂಜು ಬೆಳ್ಳಗೆ ಕಾಣುವುದೇ ಇದಕ್ಕೆ ಸಾಕ್ಷಿ. ಹಳದಿಯ ಬೆಳಕು ಕೆಲವರ ಕಣ್ಣಿಗೆ ಹಿತವಾಗಿರಬಹುದು; ಆದರೆ ಮಂಜಿನಲ್ಲಿ ದೀಪದ ಬಣ್ಣಕ್ಕಿಂತ ಅದರ ಎತ್ತರವೂ ಬೆಳಕಿನ ಆಕಾರವೂ ಮುಖ್ಯ.

ಬೆಳಕಿನ ಮೂಲ

ಇಂದು ಮಾರುಕಟ್ಟೆಯಲ್ಲಿ ದೊರೆಯುವ ದೀಪಗಳು ಮುಖ್ಯವಾಗಿ ಎರಡು ಬಗೆ. ಮೊದಲನೆಯದು ಹ್ಯಾಲೋಜನ್ ದೀಪ. ಇದು ಯೂರೋಪಿನ ಕಾರುಗಳಿಗೆ ೧೯೬೨ರಲ್ಲಿ ಬಂದಿತು. ಇದರಲ್ಲಿ ಕಾಯ್ದ ತಂತುವಿನಿಂದ ಆವಿಯಾಗಿ ಹೋದ ಟಂಗ್‌ಸ್ಟನ್ ಗಾಜಿಗೆ ಅಂಟಿ ಕಪ್ಪಾಗಿಸದೆ, ಹ್ಯಾಲೋಜನ್ ಅನಿಲದ ನೆರವಿನಿಂದ ಮತ್ತೆ ತಂತುವಿಗೇ ಮರಳುತ್ತದೆ. ೫೫ ವ್ಯಾಟಿನ ಇಂತಹ ಒಂದು ಬಲ್ಬಿನಿಂದ ಸುಮಾರು ೧,೫೦೦ ಲ್ಯೂಮೆನ್ ಬೆಳಕು ಹೊರಡುತ್ತದೆ. ಅದರ ಗಾಜನ್ನು ಬರಿಯ ಬೆರಳಿನಿಂದ ಮುಟ್ಟಬಾರದು. ಬೆರಳಿನ ಜಿಡ್ಡು ತಗುಲಿದ ಕಡೆ ಗಾಜು ವಿಪರೀತ ಕಾಯ್ದು ಕೆಡುತ್ತದೆ.

ಎರಡನೆಯದು ಎಲ್‌ಇಡಿ. ಅರೆವಾಹಕ ಹರಳಿನಿಂದ ಬೆಳಕನ್ನು ಹೊಮ್ಮಿಸುವ ಈ ದೀಪ ಹ್ಯಾಲೋಜನ್ನಿನ ಮೂರನೆಯ ಒಂದು ಪಾಲಿಗಿಂತ ಹೆಚ್ಚಲ್ಲದ ವಿದ್ಯುತ್ತಿನಿಂದ ಅಷ್ಟೇ ಬೆಳಕನ್ನು ಕೊಡಬಲ್ಲುದು. ಅಲುಗಾಟವನ್ನು ತಾಳಿಕೊಳ್ಳುವುದು ಇದರ ಇನ್ನೊಂದು ಗುಣ. ಆದರೆ ಇದಕ್ಕೆ ಶಾಖವೇ ಶತ್ರು. ಹಿಂಬದಿಯ ಲೋಹದ ರೆಕ್ಕೆಗಳ ಮೂಲಕ ಶಾಖ ಹೊರಹೋಗಬೇಕು. ಆ ರೆಕ್ಕೆಗಳ ಸಂದಿಯಲ್ಲಿ ಕೆಸರು ಮೆತ್ತಿಕೊಂಡರೆ ದೀಪದ ಆಯುಸ್ಸು ತಗ್ಗುತ್ತದೆ. ಕೆಸರುದಾರಿಯಲ್ಲಿ ತಿರುಗುವವರು ಇದನ್ನು ಮರೆಯಬಾರದು.

ತಂತಿಯಲ್ಲಿ ಕಳೆದುಹೋಗುವ ಬೆಳಕು

ಇನ್ನು ವಿದ್ಯುತ್ತಿನ ಮಾತು. ೫೫ ವ್ಯಾಟಿನ ಎರಡು ಹ್ಯಾಲೋಜನ್ ದೀಪಗಳೆಂದರೆ ೧೧೦ ವ್ಯಾಟು. ೧೨ ವೋಲ್ಟಿನ ಬ್ಯಾಟರಿಯಿಂದ ಇವಕ್ಕೆ ಹರಿಯುವ ಪ್ರವಾಹ ೧೧೦ನ್ನು ೧೨ರಿಂದ ಭಾಗಿಸಿದಷ್ಟು, ಅಂದರೆ ಸುಮಾರು ೯.೨ ಆಂಪಿಯರು. ಮನೆಯಲ್ಲಿ ೧೦೦ ವ್ಯಾಟಿನ ಬಲ್ಬಿಗೆ ಅರ್ಧ ಆಂಪಿಯರೂ ಬೇಡ. ಮನೆಯ ದೀಪಕ್ಕೆ ಸಾಕಾಗುವ ಸಣ್ಣ ತಂತಿ ಜೀಪಿಗೆ ಸಾಲದಿರುವುದು ಇದರಿಂದಲೇ.

ಒಂದು ಚದರ ಮಿಲಿಮೀಟರು ದಪ್ಪದ, ಒಂದು ಮೀಟರು ಉದ್ದದ ತಾಮ್ರದ ತಂತಿಯ ರೋಧ ಸುಮಾರು ೦.೦೧೭ ಓಮ್. ಬ್ಯಾಟರಿಯಿಂದ ಚಾಲಕನ ಮುಂದಿನ ಸ್ವಿಚ್ಚಿಗೆ, ಅಲ್ಲಿಂದ ದೀಪಗಳಿಗೆ ಇಂತಹ ತಂತಿಯನ್ನು ಒಟ್ಟು ೬ ಮೀಟರು ಎಳೆದರೆ ರೋಧ ೦.೧ ಓಮ್ ಆಯಿತು. ಇದರಲ್ಲಿ ೯.೨ ಆಂಪಿಯರು ಹರಿದಾಗ ೦.೯ ವೋಲ್ಟಿಗೂ ಮಿಕ್ಕಿ ಒತ್ತಡ ತಂತಿಯಲ್ಲೇ ಕಳೆದುಹೋಗುತ್ತದೆ. ಇದು ನೂರಕ್ಕೆ ಎಂಟರಷ್ಟೇ ಎಂದು ವಾಚಕರು ಸಮಾಧಾನಪಡಬಹುದು. ಆದರೆ ತಂತುವಿನ ದೀಪದ ಬೆಳಕು ಒತ್ತಡದ ಸುಮಾರು ೩.೪ನೆಯ ಘಾತಕ್ಕೆ ಅನುಗುಣವಾಗಿ ಏರಿಳಿಯುತ್ತದೆ. ಒತ್ತಡ ನೂರಕ್ಕೆ ಎಂಟು ತಗ್ಗಿದರೆ ಬೆಳಕು ನೂರಕ್ಕೆ ಇಪ್ಪತ್ತನಾಲ್ಕು ತಗ್ಗುತ್ತದೆ! ಹಣ ಕೊಟ್ಟು ತಂದ ಬೆಳಕಿನ ಕಾಲುಭಾಗ ದಾರಿಯನ್ನು ಮುಟ್ಟದೆ ತಂತಿಯಲ್ಲೇ ಸೋರಿಹೋದಂತಾಯಿತು.

ಅದೇ ೨.೫ ಚದರ ಮಿಲಿಮೀಟರು ದಪ್ಪದ ತಂತಿಯನ್ನು ೩ ಮೀಟರು ಮಾತ್ರ ಎಳೆದರೆ ನಷ್ಟ ೦.೨ ವೋಲ್ಟಿನೊಳಗೆ ಉಳಿಯುತ್ತದೆ. ಬೆಳಕು ಸುಮಾರು ನೂರಕ್ಕೆ ಐದರಷ್ಟು ಮಾತ್ರ ಕಡಮೆಯಾಗುತ್ತದೆ. ಎರಡನೆಯ ಮಹಾಯುದ್ಧದ ಕಾಲದ ವಿಲ್ಲಿಸ್ ಜೀಪುಗಳಂತೆ ೬ ವೋಲ್ಟಿನ ವ್ಯವಸ್ಥೆಯಿರುವ ಹಳೆಯ ಗಾಡಿಯನ್ನು ಇಟ್ಟುಕೊಂಡಿರುವವರು ಇನ್ನೂ ಎಚ್ಚರವಾಗಿರಬೇಕು. ಅಷ್ಟೇ ವ್ಯಾಟಿಗೆ ಅಲ್ಲಿ ಪ್ರವಾಹ ಇಮ್ಮಡಿ, ಒತ್ತಡವೋ ಅರ್ಧ. ಆದುದರಿಂದ ಅದೇ ತಂತಿಯಲ್ಲಿ ನಷ್ಟದ ಪ್ರಮಾಣ ನಾಲ್ಕುಪಟ್ಟು.

ಎಲ್‌ಇಡಿ ದೀಪಗಳಲ್ಲಿ ಪ್ರವಾಹ ಕಡಮೆಯಾದುದರಿಂದ ಈ ನಷ್ಟವೂ ಕಡಮೆ. ಆದರೆ ಉತ್ತಮ ದರ್ಜೆಯ ಎಲ್‌ಇಡಿಗಳ ಒಳಗಿನ ನಿಯಂತ್ರಕ, ಒತ್ತಡ ತಗ್ಗಿದಾಗ ಹೆಚ್ಚು ಪ್ರವಾಹವನ್ನು ಎಳೆದುಕೊಂಡು ಬೆಳಕನ್ನು ಸಮನಾಗಿ ಇಡುತ್ತದೆ. ಅಂದರೆ ತಂತಿ ಕೆಟ್ಟಿದೆಯೆಂಬ ಸೂಚನೆ ಬೆಳಕಿನಲ್ಲಿ ಕಾಣುವುದೇ ಇಲ್ಲ. ತಂತಿ ಮಾತ್ರ ಕಾಯುತ್ತಿರುತ್ತದೆ. ಎಲ್‌ಇಡಿಗೆ ಹೇಗೆ ಎಳೆದರೂ ನಡೆಯುತ್ತದೆಂಬುದು ಸರಿಯಲ್ಲ.

ರಿಲೇ ಮತ್ತು ಫ್ಯೂಸು

ನನ್ನ ಮಿತ್ರರ ಜೀಪಿನಲ್ಲಿ ಹೊಸ ದೀಪಗಳ ತಂತಿಯನ್ನು ಹಳೆಯ ದೀಪಗಳ ಸ್ವಿಚ್ಚಿಗೇ ಸುತ್ತಿದ್ದರು. ಹಳೆಯ ದೀಪಗಳಿಗೆ ೧೦ ಆಂಪಿಯರು. ಹೊಸವು ಸೇರಿ ೧೯ ಆಂಪಿಯರು. ಶಾಖವು ಪ್ರವಾಹದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಹಳೆಯ ಸ್ವಿಚ್ಚಿನ ಸವೆದ ಬಿಲ್ಲೆಗಳ ನಡುವೆ ೦.೦೫ ಓಮಿನ ರೋಧವಿದ್ದಿತೆಂದು ಇಟ್ಟುಕೊಂಡರೆ, ಮೊದಲು ಅಲ್ಲಿ ಹುಟ್ಟುತ್ತಿದ್ದ ಶಾಖ ೫ ವ್ಯಾಟು. ಆಮೇಲೆ ೧೮ ವ್ಯಾಟು. ಬೆರಳತುದಿಯಷ್ಟು ಜಾಗದಲ್ಲಿ ಇಷ್ಟು ಶಾಖ ಹುಟ್ಟಿದರೆ ಸ್ವಿಚ್ಚು ಕರಗದೆ ಏನಾದೀತು? ಎಲ್ಲ ದೀಪಗಳಿಗೂ ಅದೊಂದೇ ದಾರಿಯಾದುದರಿಂದ ಎಲ್ಲವೂ ಒಟ್ಟಿಗೆ ಆರಿದುವು.

ಇದನ್ನು ತಪ್ಪಿಸುವ ಸಾಧನವೇ ರಿಲೇ. ಇದು ವಿದ್ಯುತ್ಕಾಂತದಿಂದ ನಡೆಯುವ ಸ್ವಿಚ್ಚು. ಚಾಲಕನ ಕೈಯ ಸ್ವಿಚ್ಚಿನಲ್ಲಿ ಹರಿಯುವುದು ರಿಲೇಯ ಸುರುಳಿಗೆ ಬೇಕಾದ ಆಂಪಿಯರಿನ ಐದನೆಯ ಒಂದು ಪಾಲಿನಷ್ಟು ಪ್ರವಾಹ ಮಾತ್ರ. ಸುರುಳಿ ಕಾಂತವಾಗಿ ಒಳಗಿನ ದಪ್ಪ ಬಿಲ್ಲೆಗಳನ್ನು ಕೂಡಿಸುತ್ತದೆ. ದೀಪಗಳ ಭಾರಿ ಪ್ರವಾಹ ಬ್ಯಾಟರಿಯಿಂದ ಆ ಬಿಲ್ಲೆಗಳ ಮೂಲಕ ನೇರವಾಗಿ ದೀಪಗಳಿಗೆ ಹೋಗುತ್ತದೆ. ಧಣಿ ಕಣ್ಸನ್ನೆ ಮಾಡಿದರೆ ಆಳು ಮೂಟೆ ಹೊರುವಂತೆ.

ಫ್ಯೂಸು ಇರುವುದು ದೀಪದ ರಕ್ಷಣೆಗಲ್ಲ, ತಂತಿಯ ರಕ್ಷಣೆಗೆ. ತಂತಿಯ ಹೊದಿಕೆ ಎಲ್ಲಾದರೂ ಸವೆದು ಜೀಪಿನ ಮೈಗೆ ತಗುಲಿದರೆ ಬ್ಯಾಟರಿಯಿಂದ ನೂರಾರು ಆಂಪಿಯರು ಹರಿದು ತಂತಿ ಕೆಂಪಗೆ ಕಾಯುತ್ತದೆ. ಪಕ್ಕದಲ್ಲಿಯೇ ಪೆಟ್ರೋಲಿನ ನಳಿಗೆಯಿದ್ದರೆ ಮುಂದಿನದನ್ನು ಹೇಳಬೇಕಾಗಿಲ್ಲ. ಆದುದರಿಂದ ಫ್ಯೂಸು ಬ್ಯಾಟರಿಯ ಬಳಿಯಲ್ಲಿಯೇ, ಒಂದು ಗೇಣಿನೊಳಗೆ ಇರಬೇಕು. ಬ್ಯಾಟರಿಗೂ ಫ್ಯೂಸಿಗೂ ನಡುವಣ ತಂತಿಗೆ ಯಾವ ರಕ್ಷಣೆಯೂ ಇಲ್ಲ. ನಮ್ಮ ೯.೨ ಆಂಪಿಯರಿಗೆ ೧೫ ಆಂಪಿಯರಿನ ಫ್ಯೂಸು ತಕ್ಕುದು. ಅದು ಸುಟ್ಟುಹೋದಾಗ ಸಿಗರೇಟು ಪೊಟ್ಟಣದ ಬೇಗಡೆಯನ್ನು ಸುತ್ತಿ ಕೆಲಸ ಸಾಗಿಸುವುದು ಬೆಂಕಿಯನ್ನು ಕರೆದು ಮಣೆ ಹಾಕಿದಂತೆ.

ಜೋಡಿಸುವ ಕ್ರಮ

ಮೊದಲು ಬ್ಯಾಟರಿಯ ಋಣ ತುದಿಯನ್ನು ಬಿಚ್ಚಿಡಬೇಕು. ವಾಹನಗಳ ಸಾಮಾನ್ಯ ರಿಲೇಯ ಕಾಲುಗಳ ಬಳಿ ೩೦, ೮೫, ೮೬, ೮೭ ಎಂಬ ಅಂಕಿಗಳನ್ನು ಅಚ್ಚೊತ್ತಿರುತ್ತಾರೆ. ಬ್ಯಾಟರಿಯ ಧನ ತುದಿಯಿಂದ ಫ್ಯೂಸಿನ ಮೂಲಕ ಬರುವ ದಪ್ಪ ತಂತಿಯನ್ನು ೩೦ಕ್ಕೆ ಕೊಡಬೇಕು. ೮೭ರಿಂದ ದೀಪಗಳಿಗೆ ದಪ್ಪ ತಂತಿ ಹೊರಡಬೇಕು. ೮೫ನ್ನು ಜೀಪಿನ ಮೈಗೆ ಸೇರಿಸಬೇಕು. ೮೬ಕ್ಕೆ ಚಾಲಕನ ಸ್ವಿಚ್ಚಿನಿಂದ ಸಣ್ಣ ತಂತಿ ಬರಬೇಕು.

ಆ ಸ್ವಿಚ್ಚಿಗೆ ವಿದ್ಯುತ್ತನ್ನು ಎಲ್ಲಿಂದ ಕೊಡಬೇಕು? ದೂರದ ದೀಪಗಳಾದರೆ, ಮುಖ್ಯ ದೀಪದ ಮೇಲ್ಬೆಳಕಿನ ತಂತಿಯಿಂದ. ಆಗ ಎದುರಿಗೆ ವಾಹನ ಬಂದು ಚಾಲಕನು ಮುಖ್ಯ ದೀಪವನ್ನು ತಗ್ಗಿಸಿದೊಡನೆ ಹೆಚ್ಚುವರಿ ದೀಪಗಳು ತಾವಾಗಿ ಆರುತ್ತವೆ. ಮಂಜಿನ ದೀಪಗಳನ್ನು ಹೀಗೆ ಕೊಡಬಾರದು. ಅವು ತಗ್ಗುಬೆಳಕಿನೊಡನೆ ಉರಿಯಬೇಕು.

ದೀಪದಿಂದ ವಿದ್ಯುತ್ತು ಮರಳುವ ದಾರಿಯೂ ಹೋಗುವ ದಾರಿಯಷ್ಟೇ ಮುಖ್ಯ. ಬಣ್ಣದ ಮೇಲೆ, ತುಕ್ಕಿನ ಮೇಲೆ ತಂತಿಯನ್ನು ಬಿಗಿದರೆ ಅದು ಮತ್ತೊಂದು ರೋಧ. ಲೋಹ ಹೊಳೆಯುವವರೆಗೆ ಕೆರೆದು ಬಿಗಿದು, ಮೇಲೆ ವ್ಯಾಸಲೀನು ಸವರಬೇಕು. ತಂತಿ ತಗಡಿನ ತೂತಿನಲ್ಲಿ ಹಾಯುವ ಕಡೆ ರಬ್ಬರಿನ ಬಳೆಯನ್ನು ತೊಡಿಸಬೇಕು. ದೀಪವನ್ನು ಸೇರುವ ಮೊದಲು ತಂತಿ ಸ್ವಲ್ಪ ಕೆಳಕ್ಕೆ ಇಳಿಬಿದ್ದು ಮೇಲೇರುವಂತಿರಲಿ. ಮಳೆನೀರು ದೀಪದೊಳಗೆ ಹರಿಯದೆ ಅಲ್ಲಿಯೇ ತೊಟ್ಟಿಕ್ಕುತ್ತದೆ. ತಂತಿಗಳನ್ನು ಬರಿದೆ ಹೊಸೆದು ಟೇಪು ಸುತ್ತಿದರೆ ಒಂದು ಮಳೆಗಾಲವೂ ಬಾಳದು.

ಎದುರಿನವರ ಕಣ್ಣು

ಕೊನೆಯದಾಗಿ ದೀಪದ ಗುರಿ. ಜೀಪಿನಲ್ಲಿ ಎಂದಿನಷ್ಟು ಭಾರವಿಟ್ಟು, ಸಮನಾದ ನೆಲದಲ್ಲಿ ಗೋಡೆಯಿಂದ ೮ ಮೀಟರು ದೂರದಲ್ಲಿ ನಿಲ್ಲಿಸಬೇಕು. ಹಿಂದೆ ಭಾರ ಹೆಚ್ಚಿದರೆ ಮೂಗು ಮೇಲೇಳುತ್ತದೆಯಾದುದರಿಂದ ಈ ಎಚ್ಚರಿಕೆ. ದೂರದ ದೀಪದ ಬೆಳಕಿನ ನಡುಭಾಗ ಗೋಡೆಯ ಮೇಲೆ ದೀಪದ ಎತ್ತರದಲ್ಲೇ, ದೀಪದ ನೇರಕ್ಕೇ ಬೀಳಬೇಕು. ಮಂಜಿನ ದೀಪದ ಮೇಲಂಚು ದೀಪದ ಎತ್ತರಕ್ಕಿಂತ ೧೦ ಸೆಂಟಿಮೀಟರು ಕೆಳಗಿರಬೇಕು. ದೀಪ ಒಂದೇ ಒಂದು ಡಿಗ್ರಿ ಮೇಲಕ್ಕೆ ವಾಲಿದರೂ ೫೦ ಮೀಟರಿನಾಚೆ ಬೆಳಕು ೮೭ ಸೆಂಟಿಮೀಟರು ಮೇಲೇರಿ ಎದುರಿನ ಚಾಲಕನ ಕಣ್ಣಿಗೆ ಹೊಡೆಯಬಹುದು. ಹಾಗೆ ಕೋರೈಸಿದ ಕಣ್ಣು ಚೇತರಿಸಿಕೊಳ್ಳಲು ಕೆಲವು ಸೆಕೆಂಡುಗಳು ಬೇಕು. ಅಷ್ಟರಲ್ಲಿ ಅವನು ಕುರುಡನಂತೆಯೇ ನಮ್ಮ ಕಡೆಗೆ ಬರುತ್ತಿರುತ್ತಾನೆ.

ಕಾನೂನೂ ಇದನ್ನೇ ಹೇಳುತ್ತದೆ. ೧೯೮೯ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ವಿಶೇಷ ಸಂದರ್ಭಗಳಲ್ಲಿ, ನೋಂದಣಿ ಅಧಿಕಾರಿಯ ಪೂರ್ವಾನುಮತಿಯಿಂದಲ್ಲದೆ ವಾಹನದ ಮುಂದೆ ಶೋಧಕ ದೀಪಗಳನ್ನು ಕೂಡಿಸಕೂಡದು. ದೀಪಗಳನ್ನು ಕೊಳ್ಳುವ ಮೊದಲು ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಲೇಸು. ತೋಟದ ದಾರಿಗೆಂದು ಹಾಕಿದ ದೀಪಗಳಿಗೆ ಹೆದ್ದಾರಿಗೆ ಇಳಿಯುವಾಗ ಮುಚ್ಚಳ ತೊಡಿಸುವುದು ಸಜ್ಜನಿಕೆ.

ನನ್ನ ಮಿತ್ರರು ಮುಂದಿನ ಮಳೆಗಾಲಕ್ಕೆ ಮುನ್ನ ನೆತ್ತಿಯ ದೀಪಗಳನ್ನು ಕಿತ್ತು, ಬಂಪರಿನ ಕೆಳಗೆ ಎರಡು ಸಾಧಾರಣವಾದ ಮಂಜಿನ ದೀಪಗಳನ್ನು ಕೂಡಿಸಿದರು. ಅವಕ್ಕೆ ಬೇರೆಯೇ ತಂತಿ, ಬೇರೆಯೇ ರಿಲೇ, ಬೇರೆಯೇ ಫ್ಯೂಸು. ಅವು ಕೆಟ್ಟರೂ ಮುಖ್ಯ ದೀಪಗಳು ಉರಿಯುತ್ತಿರುತ್ತವೆ. ಹೆಚ್ಚುವರಿ ದೀಪದಿಂದ ನಾವು ಅಪೇಕ್ಷಿಸಬೇಕಾದ ಮೊದಲ ಗುಣ ಇದೇ: ಅದು ಇರುವ ಬೆಳಕಿಗೆ ಕೂಡಬೇಕು, ಇರುವ ಬೆಳಕನ್ನು ಕಳೆಯಬಾರದು. ಆ ರಾತ್ರಿ ಹುಟ್ಟಿದ ಮಗು ಈಗ ಅದೇ ದಾರಿಯಲ್ಲಿ ಶಾಲೆಗೆ ನಡೆದುಹೋಗುತ್ತಿದೆ. ಟಾರ್ಚು ಇಂದಿಗೂ ಜೀಪಿನ ಆಸನದ ಕೆಳಗೆ ಇದ್ದೇ ಇದೆ.